ಸೋತದ್ದು ತಂಡವೋ, ನಸೀಬೋ?

ಏಪ್ರಿಲ್ ತಿಂಗಳ ಸಂಜೆ. ಹಗಲಿಡೀ ಕಾದ ರಾಯಚೂರಿನ ಕಲ್ಲು, ಡಾಂಬರು ಕತ್ತಲಾದ ಮೇಲೂ ಝಳ ಬಿಡುತ್ತಿರುತ್ತವೆ. ತೀನ್ ಕಂದೀಲ್ ಸುತ್ತಲಿನ ಬಂಡಿಗಳಲ್ಲಿ ಮಿರ್ಚಿ ಕರಿಯುವ ಸದ್ದು. ಮಂಡಾಳ ಒಗ್ಗರಣಿಯ ತಟ್ಟೆ ಕೈಯಲ್ಲಿದ್ದರೂ ತಿನ್ನುವವರ ಕಣ್ಣು ಚಹಾ ಅಂಗಡಿಯ ಟಿ.ವಿ. ಮೇಲೆ. ಅದೇ ಹೊತ್ತಿಗೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ಒಂದೇ ಮೊಬೈಲಿನ ಸುತ್ತ ಏಳೆಂಟು ತಲೆ ಬಾಗಿರುತ್ತವೆ. ಮಾನ್ವಿಯಲ್ಲಿ ಅಂಗಡಿ ಬಾಗಿಲು ಅರ್ಧ ಎಳೆದವರು ಕೊನೆಯ ಓವರ್ ಮುಗಿಯಲಿ ಎಂದು ನಿಂತಿರುತ್ತಾರೆ.

ಕೊನೆಯ ಎಸೆತ. ಚೆಂಡು ಮೇಲೇಳುತ್ತದೆ, ಗಡಿಗೆರೆಯ ಒಂದು ಮಾರು ಈಚೆ ಯಾರದೋ ಕೈಗೆ ಬೀಳುತ್ತದೆ. ಕ್ಷಣ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಒಬ್ಬ ಹೇಳುತ್ತಾನೆ: "ಹೋತು ಬಿಡಪಾ, ನಮ್ ನಸೀಬನ ನೆಟ್ಟಗಿಲ್ಲ." ಇನ್ನೊಬ್ಬ ರೇಗುತ್ತಾನೆ: "ನಸೀಬ ಅಲ್ಲ, ಆಡಾಕ ಬರಂಗಿಲ್ಲ ಇವ್ರಿಗೆ."

ಬೆಂಗಳೂರು ತಂಡಕ್ಕೆ ಐಪಿಎಲ್ ಕಪ್ ಬರುವವರೆಗೆ ಹದಿನೇಳು ವರ್ಷ ಈ ಜಗಳ ನಡೆಯಿತು. ಯಾರ ಮಾತು ಸರಿ? ಒಂದು ತಂಡ ಒಂದು ಋತುವಿನಲ್ಲಿ ಸೋತಾಗ ಅದರಲ್ಲಿ ನಸೀಬಿನ ಪಾಲೆಷ್ಟು, ತಪ್ಪಿನ ಪಾಲೆಷ್ಟು ಎಂದು ಬಿಡಿಸಿ ನೋಡಲು ಸಾಧ್ಯವೇ? ಪೂರ್ತಿ ಅಲ್ಲದಿದ್ದರೂ ಬಹಳ ಮಟ್ಟಿಗೆ ಸಾಧ್ಯ. ಆ ಲೆಕ್ಕವನ್ನು ಹೆಚ್ಚು ಶ್ರದ್ಧೆಯಿಂದ ಮಾಡಿದವರು ಅಮೆರಿಕದ ಫುಟ್‌ಬಾಲ್ ಮತ್ತು ಬೇಸ್‌ಬಾಲ್ ಪ್ರಿಯರು. ಅದನ್ನು ನಮ್ಮ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡಕ್ಕೆ ಹಚ್ಚಿ ನೋಡಿದರೆ ಹಳೆಯ ಸೋಲುಗಳು ಬೇರೆಯೇ ಬೆಳಕಿನಲ್ಲಿ ಕಾಣುತ್ತವೆ.

ಹೈದರಾಬಾದಿನ ಎದುರು ಎರಡು ಫೈನಲ್

ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. 1956ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಇಂದಿಗೂ ದೊಡ್ಡ ಆಸ್ಪತ್ರೆಗೆ, ವ್ಯಾಪಾರಕ್ಕೆ, ಕೂಲಿಗೆ ಹೈದರಾಬಾದಿನ ದಾರಿ ಹಿಡಿಯುವವರು ಸಾವಿರಾರು. ಆದರೆ ಕ್ರಿಕೆಟ್ ಬಂದಾಗ ಮನಸ್ಸು ಬೆಂಗಳೂರಿನದು. ವಿಚಿತ್ರವೆಂದರೆ ರಾಯಲ್ ಚಾಲೆಂಜರ್ಸ್ ಕೂದಲೆಳೆಯಲ್ಲಿ ಕಪ್ ಕಳೆದುಕೊಂಡ ಎರಡೂ ಸಲ ಎದುರಿಗಿದ್ದದ್ದು ಹೈದರಾಬಾದಿನ ತಂಡ.

ಮೊದಲನೆಯದು 2009ರ ಮೇ 24. ಲೋಕಸಭಾ ಚುನಾವಣೆಯಿಂದಾಗಿ ಆ ವರ್ಷದ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಜೋಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ ಮೊದಲ ಓವರ್‌ನಲ್ಲೇ ಆಡಂ ಗಿಲ್‌ಕ್ರಿಸ್ಟ್ ಅವರನ್ನು ಸೊನ್ನೆಗೆ ಔಟ್ ಮಾಡಿದರು. ನಾಲ್ಕು ಓವರ್, 16 ರನ್, 4 ವಿಕೆಟ್. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ 143ಕ್ಕೆ ನಿಂತಿತು. ಬೆಂಗಳೂರಿಗೆ ಕೊನೆಯ ಓವರ್‌ನಲ್ಲಿ 15 ರನ್ ಬೇಕಿತ್ತು, ಬಂದದ್ದು 8. ಆರು ರನ್ನಿನ ಸೋಲು. ಪಂದ್ಯಶ್ರೇಷ್ಠ ಪ್ರಶಸ್ತಿ ಸೋತ ತಂಡದ ನಾಯಕ ಕುಂಬ್ಳೆಗೆ ಬಂತು.

ಎರಡನೆಯದು 2016ರ ಮೇ 29, ನಮ್ಮದೇ ಚಿನ್ನಸ್ವಾಮಿ ಅಂಗಳ. ಆ ವರ್ಷ ವಿರಾಟ್ ಕೊಹ್ಲಿ ನಾಲ್ಕು ಶತಕಗಳೊಂದಿಗೆ 973 ರನ್ ಗಳಿಸಿದ್ದರು. ಒಂದೇ ಐಪಿಎಲ್ ಋತುವಿನಲ್ಲಿ ಅಷ್ಟು ರನ್ ಅದಕ್ಕೂ ಮೊದಲು ಯಾರೂ ಗಳಿಸಿರಲಿಲ್ಲ. ಮೊದಲ ಏಳು ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದಿದ್ದ ತಂಡ ಆಮೇಲೆ ಎದ್ದು ಬಂದು ಪಟ್ಟಿಯಲ್ಲಿ ಎರಡನೇ ಸ್ಥಾನ ಹಿಡಿದಿತ್ತು. ಫೈನಲ್‌ನಲ್ಲಿ ಸನ್‌ರೈಸರ್ಸ್ ಹೈದರಾಬಾದ್ 208 ರನ್ ಒಟ್ಟಿದರೂ ಕ್ರಿಸ್ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೆ ಹತ್ತೂವರೆ ಓವರ್‌ಗಳಲ್ಲಿ 114 ರನ್ ಬಾರಿಸಿದರು. ಉಳಿದದ್ದು 57 ಎಸೆತ, 95 ರನ್, ಕೈಯಲ್ಲಿ ಒಂಬತ್ತು ವಿಕೆಟ್. ಅಲ್ಲಿಂದ ತಂಡ ಸೋತದ್ದು ಎಂಟು ರನ್ನಿಂದ.

ಮೂರನೆಯ ಅಂಕಿಯನ್ನೂ ಪಕ್ಕದಲ್ಲಿಡಿ. 2025ರ ಜೂನ್ 3, ಅಹಮದಾಬಾದ್. ಬೆಂಗಳೂರು 190, ಪಂಜಾಬ್ ಕಿಂಗ್ಸ್ 184. ಹದಿನೆಂಟನೇ ಋತುವಿನಲ್ಲಿ ಕಪ್ ಬಂದದ್ದು ಆರು ರನ್ನಿನ ಅಂತರದಲ್ಲಿ. ಕುಂಬ್ಳೆಯ ತಂಡ ಸೋತ ಅಂತರ ಎಷ್ಟೋ, ರಜತ್ ಪಾಟಿದಾರ್ ತಂಡ ಗೆದ್ದ ಅಂತರವೂ ಅಷ್ಟೇ. 240 ಎಸೆತಗಳ ಆಟದಲ್ಲಿ ಆರು ರನ್ ಎಂದರೆ ಒಂದೇ ಒಂದು ಹೊಡೆತ. ಆ ಒಂದು ಹೊಡೆತದ ಆಚೆ ಇದ್ದವರನ್ನು ಶೂರರೆಂದೂ ಈಚೆ ಇದ್ದವರನ್ನು ಕೈಲಾಗದವರೆಂದೂ ಕರೆಯುತ್ತ ಬಂದಿದ್ದೇವೆ.

ಗೆರೆ ದಾಟಿದ ಕಾಲು

ನಸೀಬು ಎಷ್ಟು ಸಣ್ಣ ಸಂದಿನಲ್ಲಿ ನುಸುಳುತ್ತದೆ ಎಂಬುದಕ್ಕೆ 2019ರ ಮಾರ್ಚ್ 28ರ ಪಂದ್ಯ ಸಾಕ್ಷಿ. ಚಿನ್ನಸ್ವಾಮಿಯಲ್ಲಿ ಮುಂಬೈ ಇಂಡಿಯನ್ಸ್ 187 ರನ್ ಹೊಡೆದಿತ್ತು. ಕೊನೆಯ ಎಸೆತಕ್ಕೆ ಬೆಂಗಳೂರಿಗೆ ಏಳು ರನ್ ಬೇಕಿತ್ತು. ಲಸಿತ್ ಮಾಲಿಂಗ ಎಸೆದರು, ರನ್ ಬರಲಿಲ್ಲ, ಆಟ ಮುಗಿಯಿತು. ಆಟಗಾರರು ಕೈಕುಲುಕುತ್ತಿದ್ದಾಗ ದೊಡ್ಡ ಪರದೆಯ ಮೇಲೆ ಮರುಪ್ರಸಾರ ಬಂತು. ಮಾಲಿಂಗ ಅವರ ಮುಂಗಾಲು ಗೆರೆ ದಾಟಿತ್ತು. ಅದು ನೋಬಾಲ್. ಅಂಪೈರ್ ಕಣ್ಣಿಗೆ ಬಿದ್ದಿರಲಿಲ್ಲ.

ಕಂಡಿದ್ದರೆ ಏನಾಗುತ್ತಿತ್ತು? ಒಂದು ರನ್ ಸೇರುತ್ತಿತ್ತು, ಮತ್ತೊಂದು ಎಸೆತ ಸಿಗುತ್ತಿತ್ತು, ಅದೂ ಫ್ರೀ ಹಿಟ್. ಒಂದು ಸಿಕ್ಸರ್ ಬಿದ್ದಿದ್ದರೆ ಗೆಲುವು. ಬೀಳುತ್ತಿತ್ತೆಂದು ಯಾರೂ ಹೇಳಲಾರರು. ಆದರೆ ಆ ಅವಕಾಶ ತಂಡದ ಹಕ್ಕಾಗಿತ್ತು.

ಋತು ಮುಗಿದಾಗಿನ ಪಟ್ಟಿ ನೋಡಿ. ಬೆಂಗಳೂರಿಗೆ 11 ಅಂಕ, ಎಂಟನೆಯ ಅಂದರೆ ಕೊನೆಯ ಸ್ಥಾನ. ನಾಲ್ಕನೆಯ ಸ್ಥಾನ ಹಿಡಿದು ಪ್ಲೇಆಫ್‌ಗೆ ಹೋದ ಹೈದರಾಬಾದಿಗೆ 12 ಅಂಕ. ಮಿಕ್ಕ ಫಲಿತಾಂಶಗಳೆಲ್ಲ ಇದ್ದಂತೆಯೇ ಇದ್ದು, ಆ ಒಂದು ಪಂದ್ಯ ಮಾತ್ರ ಗೆದ್ದಿದ್ದರೆ ಬೆಂಗಳೂರಿಗೆ 13 ಅಂಕ, ನಾಲ್ಕನೆಯ ಸ್ಥಾನ. ಕೊನೆಯ ಸ್ಥಾನಕ್ಕೂ ಪ್ಲೇಆಫ್‌ಗೂ ನಡುವೆ ಇದ್ದದ್ದು ಒಂದು ಪಂದ್ಯ.

ಹಾಗೆಂದು ಆ ಋತುವನ್ನು ಪೂರ್ತಿ ನಸೀಬಿನ ತಲೆಗೆ ಕಟ್ಟಲಾಗದು. ಮೊದಲ ಆರೂ ಪಂದ್ಯ ಸೋತ ತಂಡ ಅದು. ಆದರೂ ಆ ವರ್ಷ ಅಂಪೈರಿಂಗ್ ತಪ್ಪು ನಿಜ, ಅದರ ಬೆಲೆಯೂ ನಿಜ. ಒಳ್ಳೆಯ ಸುದ್ದಿಯೆಂದರೆ 2020ರ ಋತುವಿನಿಂದ ಮುಂಗಾಲಿನ ನೋಬಾಲ್ ಗುರುತಿಸುವ ಕೆಲಸ ಟಿ.ವಿ. ಅಂಪೈರ್ ಪಾಲಿಗೆ ಬಂತು. ನಸೀಬೆಂದು ಸಹಿಸಿಕೊಳ್ಳುತ್ತಿದ್ದ ಒಂದನ್ನು ನಿಯಮ ಬದಲಿಸಿ ಸರಿಪಡಿಸಬಹುದು ಎಂಬುದನ್ನು ಇದು ತೋರಿಸುತ್ತದೆ.

ಒಂದು ರೂಪಾಯಿಯ ಲೆಕ್ಕ

ಒಂದು ಪಂದ್ಯ ಇಷ್ಟು ಭಾರವಾಗಲು ಕಾರಣ ಋತುವಿನ ಗಾತ್ರ. ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡ ಆಡುವುದು ಹದಿನಾಲ್ಕೇ ಪಂದ್ಯ. ಈ ಸಂಖ್ಯೆ ಎಷ್ಟು ಚಿಕ್ಕದು ಎಂದು ತಿಳಿಯಲು ಒಂದು ರೂಪಾಯಿಯ ನಾಣ್ಯ ಸಾಕು.

ಎಲ್ಲ ತಂಡಗಳೂ ಸಮಬಲದವು, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತ ಎಂದುಕೊಳ್ಳಿ. ಹದಿನಾಲ್ಕು ಸಲ ಚಿಮ್ಮಿದರೆ ಏಳು ಗೆಲುವು, ಏಳು ಸೋಲು ಬರಬೇಕು ಎಂದು ಮನಸ್ಸು ಹೇಳುತ್ತದೆ. ಗಣಿತ ಹಾಗೆ ಹೇಳುವುದಿಲ್ಲ. ಐದು ಅಥವಾ ಅದಕ್ಕಿಂತ ಕಡಿಮೆ ಗೆಲುವು ಬರುವ ಸಾಧ್ಯತೆ ನೂರಕ್ಕೆ ಸುಮಾರು 21. ಒಂಬತ್ತು ಅಥವಾ ಹೆಚ್ಚು ಬರುವ ಸಾಧ್ಯತೆಯೂ ಅಷ್ಟೇ.

ಅಂದರೆ ಹತ್ತು ತಂಡಗಳೂ ಒಂದೇ ತೂಕದವಾಗಿದ್ದರೂ ಸುಮಾರು ಎರಡು ತಂಡಗಳು ಐದು ಪಂದ್ಯ ದಾಟದೆ ತಳದಲ್ಲಿ ನರಳುತ್ತವೆ. ಇನ್ನೆರಡು ಒಂಬತ್ತು ಗೆದ್ದು ಮೇಲೆ ಮೆರೆಯುತ್ತವೆ. ಟಿ.ವಿ.ಯಲ್ಲಿ ಕೂತವರು ಮೇಲಿದ್ದವರ ಒಗ್ಗಟ್ಟನ್ನು ಹೊಗಳುತ್ತಾರೆ, ಕೆಳಗಿದ್ದವರ ನಾಯಕತ್ವವನ್ನು ತೆಗಳುತ್ತಾರೆ. ಸತತ ಆರು ಸೋಲೂ ಅಷ್ಟೇನೂ ಅಪರೂಪವಲ್ಲ. ಸಮಬಲದ ತಂಡಕ್ಕೂ ಆರು ಪಂದ್ಯಗಳ ಆರಂಭ ಹಾಗಾಗುವ ಸಾಧ್ಯತೆ 64ರಲ್ಲಿ ಒಂದು. ಹತ್ತು ತಂಡಗಳು ವರ್ಷ ವರ್ಷ ಆಡುತ್ತಿದ್ದರೆ ಯಾರಿಗಾದರೂ ಆಗಲೇಬೇಕು.

ನಿಜದ ಕ್ರಿಕೆಟ್‌ನಲ್ಲಿ ತಂಡಗಳು ಸಮಬಲದವಲ್ಲ, ನಿಜ. ಚೆನ್ನಾಗಿ ಆಡುವ ತಂಡಕ್ಕೆ ಗೆಲ್ಲುವ ಸಾಧ್ಯತೆ ಹೆಚ್ಚು. ಆದರೆ ಆ ಹೆಚ್ಚುಗಾರಿಕೆ ಹದಿನಾಲ್ಕು ಪಂದ್ಯಗಳಲ್ಲಿ ಪೂರ್ತಿ ತೋರಿಬರುವಷ್ಟು ದೊಡ್ಡದಿರುವುದು ಕಡಿಮೆ. ಅವಕಾಶ ಕಡಿಮೆಯಾದಷ್ಟೂ ನಸೀಬಿನ ಕೈ ಮೇಲು. ಈ ಲೇಖನದ ತಿರುಳು ಇದೇ.

ಅಮೆರಿಕದವರ ಅನುಭವ

ಅಮೆರಿಕದ ಫುಟ್‌ಬಾಲ್ ನಾವು ಕಾಲಿನಲ್ಲಿ ಆಡುವ ಆಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಎದುರಾಳಿಗಳ ಮೈಗೆ ಮೈ ಕೊಟ್ಟು ಅವರ ಗಡಿ ದಾಟಿಸುವ ಆಟ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್. 32 ತಂಡಗಳಿವೆ, ಪ್ರತಿ ತಂಡಕ್ಕೆ ಈಗ 17 ಪಂದ್ಯ, 2020ರವರೆಗೆ 16. ಕೊನೆಯ ಪಂದ್ಯದ ಹೆಸರು ಸೂಪರ್ ಬೌಲ್. ಋತು ಚಿಕ್ಕದಾದ್ದರಿಂದ ಅಲ್ಲಿಯೂ ಕೈತಪ್ಪಿದ ಕಪ್‌ಗಳ ಕಥೆ ಬೇಕಾದಷ್ಟಿವೆ.

ಬಫಲೋ ಬಿಲ್ಸ್ ಎಂಬ ತಂಡ 1991ರಿಂದ 1994ರವರೆಗೆ ಸತತ ನಾಲ್ಕು ಸೂಪರ್ ಬೌಲ್ ಆಡಿತು, ನಾಲ್ಕನ್ನೂ ಸೋತಿತು. ಮೊದಲನೆಯದರಲ್ಲಿ ಕೊನೆಯ ಕ್ಷಣದಲ್ಲಿ ಸ್ಕಾಟ್ ನಾರ್ವುಡ್ 47 ಗಜ ದೂರದಿಂದ ಒದ್ದ ಚೆಂಡು ಕಂಬದ ಬಲಗಡೆಗೆ ಸರಿದು ಹೋಯಿತು. 20-19ರ ಸೋಲು. ಸತತ ನಾಲ್ಕು ವರ್ಷ ಅಂತಿಮ ಪಂದ್ಯಕ್ಕೆ ಬಂದ ತಂಡ ಅದರ ಮೊದಲೂ ಇರಲಿಲ್ಲ, ಆಮೇಲೂ ಬಂದಿಲ್ಲ. ಆದರೂ ಜನ ನೆನೆಯುವುದು ಆ ನಾಲ್ಕು ಸೋಲನ್ನು.

2008ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಮುಖ್ಯ ಆಟಗಾರ ಟಾಮ್ ಬ್ರೇಡಿ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಮಾಡಿಕೊಂಡು ಇಡೀ ಋತು ಕಳೆದುಕೊಂಡರು. ಅವರಿಲ್ಲದೆಯೂ ತಂಡ 16ರಲ್ಲಿ 11 ಗೆದ್ದಿತು, ಆದರೆ ಪ್ಲೇಆಫ್ ಸಿಗಲಿಲ್ಲ. ಎರಡು ವರ್ಷದ ಬಳಿಕ ಸಿಯಾಟಲ್ ತಂಡ ಏಳನ್ನು ಗೆದ್ದು ಒಂಬತ್ತನ್ನು ಸೋತರೂ ತನ್ನ ದುರ್ಬಲ ಗುಂಪಿನಲ್ಲಿ ಮೊದಲಿಗನಾಗಿ ಪ್ಲೇಆಫ್ ತಲುಪಿತು.

ಅಳೆಯುವುದು ಹೇಗೆ?

ಅಲ್ಲಿನ ಲೆಕ್ಕಿಗರು ಎರಡು ಸರಳ ಪ್ರಶ್ನೆ ಕೇಳುತ್ತಾರೆ. ಮೊದಲನೆಯದು: ಇಡೀ ಋತುವಿನಲ್ಲಿ ತಂಡ ಗಳಿಸಿದ್ದೆಷ್ಟು, ಎದುರಾಳಿಗೆ ಬಿಟ್ಟುಕೊಟ್ಟದ್ದೆಷ್ಟು? ಬಿಲ್ ಜೇಮ್ಸ್ ಎಂಬ ಬರಹಗಾರ ಬೇಸ್‌ಬಾಲ್‌ಗಾಗಿ ಈ ಎರಡು ಮೊತ್ತಗಳಿಂದ ತಂಡವೊಂದು ಎಷ್ಟು ಪಂದ್ಯ ಗೆಲ್ಲಬೇಕಿತ್ತು ಎಂದು ಅಂದಾಜಿಸುವ ಸೂತ್ರ ಕಟ್ಟಿದರು. ಮುಂದೆ ಅದನ್ನೇ ತಿದ್ದಿ ಫುಟ್‌ಬಾಲ್‌ಗೂ ಬಳಸಿದರು. ಗೆಲ್ಲಬೇಕಿದ್ದದ್ದಕ್ಕಿಂತ ಕಡಿಮೆ ಗೆದ್ದ ತಂಡದ ಕಡೆ ನಸೀಬು ಇರಲಿಲ್ಲ ಎಂದರ್ಥ.

ಎರಡನೆಯದು: ಕೂದಲೆಳೆಯ ಪಂದ್ಯಗಳಲ್ಲಿ ತಂಡದ ಫಲಿತಾಂಶ ಏನು? ದೊಡ್ಡ ಅಂತರದ ಗೆಲುವು ಸಾಮಾನ್ಯವಾಗಿ ಬಲದಿಂದ ಬರುತ್ತದೆ. ಸಣ್ಣ ಅಂತರದ ಗೆಲುವು-ಸೋಲಿನಲ್ಲಿ ನಸೀಬಿನ ಪಾಲು ದೊಡ್ಡದು, ಹಾಗಾಗಿ ಅದು ಮರುವರ್ಷ ಮುಂದುವರಿಯುವುದು ಅಪರೂಪ.

2022ರ ಮಿನ್ನೆಸೋಟ ವೈಕಿಂಗ್ಸ್ ಇದಕ್ಕೆ ಒಳ್ಳೆಯ ನಿದರ್ಶನ. 17ರಲ್ಲಿ 13 ಗೆದ್ದರು. ಆದರೆ ಒಟ್ಟು ಗಳಿಸಿದ್ದು 424 ಅಂಕ, ಬಿಟ್ಟುಕೊಟ್ಟದ್ದು 427. ಎಂಟು ಅಂಕದೊಳಗಿನ ಅಂತರದ ಹನ್ನೊಂದು ಪಂದ್ಯಗಳಲ್ಲಿ ಹನ್ನೊಂದನ್ನೂ ಗೆದ್ದಿದ್ದರು. ಇದು ನಿಲ್ಲುವ ಗೆಲುವಲ್ಲ ಎಂದು ಲೆಕ್ಕ ಬಲ್ಲವರು ಹೇಳಿದರು. ಮರುವರ್ಷ ಅದೇ ತಂಡ ಏಳು ಗೆದ್ದು ಹತ್ತು ಸೋತಿತು.

ಕ್ರಿಕೆಟ್‌ನಲ್ಲಿ ಮೊದಲ ಪ್ರಶ್ನೆಗೆ ಹತ್ತಿರದ ಉತ್ತರ ನೆಟ್ ರನ್‌ರೇಟ್. ಓವರಿಗೆ ನಾವು ಹೊಡೆದ ರನ್ನಿನಿಂದ ಎದುರಾಳಿ ನಮಗೆ ಹೊಡೆದ ರನ್ ಕಳೆದರೆ ಬರುವ ಅಂಕಿ ಅದು. ಅದನ್ನು ನಾವು ಋತುವಿನ ಕೊನೆಯ ವಾರದಲ್ಲಷ್ಟೇ ನೆನೆಯುತ್ತೇವೆ, ಅದೂ ಯಾರು ಒಳಗೆ, ಯಾರು ಹೊರಗೆ ಎಂದು ತಿಳಿಯಲು.

2024ರಲ್ಲಿ ಅದೇ ಅಂಕಿ ಬೆಂಗಳೂರಿನ ಕೈ ಹಿಡಿಯಿತು. ಮೊದಲ ಎಂಟರಲ್ಲಿ ಏಳು ಸೋತಿದ್ದ ತಂಡ ಕೊನೆಯ ಆರನ್ನೂ ಗೆದ್ದಿತು. ಮೇ 18ರಂದು ಚೆನ್ನೈ ವಿರುದ್ಧ ಬರೀ ಗೆದ್ದರೆ ಸಾಲದು, ಕನಿಷ್ಠ 18 ರನ್ನಿಂದ ಗೆಲ್ಲಬೇಕಿತ್ತು. ಗೆದ್ದದ್ದು 27ರಿಂದ. ಬೆಂಗಳೂರು, ಚೆನ್ನೈ, ಡೆಲ್ಲಿ, ಲಖನೌ ನಾಲ್ಕಕ್ಕೂ 14 ಅಂಕ; ಒಳಗೆ ಹೋದದ್ದು ಬೆಂಗಳೂರು ಒಂದೇ. ಹೊರಗುಳಿದ ಮೂವರ ಅಭಿಮಾನಿಗಳ ಕಣ್ಣಲ್ಲಿ ಅದು ಯಾರ ನಸೀಬು ಎಂದು ಕೇಳಬೇಕಿಲ್ಲ.

ಊರಿನ ಆಟಗಾರನ ಕಥೆ

ನಸೀಬು ಇಂದು ಮುನಿದರೂ ಒಳ್ಳೆಯ ತಂಡ ನಾಳೆ ಗೆಲ್ಲುತ್ತದೆ ಎಂಬುದಕ್ಕೆ ರಾಯಚೂರಿನಲ್ಲೇ ಸಾಕ್ಷಿಯಿದೆ. ಇಲ್ಲಿ ಹುಟ್ಟಿದ ಯರೇ ಗೌಡ ಕರ್ನಾಟಕದ ಪರ ರಣಜಿ ಆಡಲು ಶುರು ಮಾಡಿ ಮುಂದೆ ರೈಲ್ವೇಸ್ ಸೇರಿದರು. ನಾಜೂಕಿನ ಹೊಡೆತಗಳಿಗಿಂತ ಗಂಟೆಗಟ್ಟಲೆ ಕ್ರೀಸಿನಲ್ಲಿ ನಿಲ್ಲುವ ತಾಳ್ಮೆಗೆ ಹೆಸರಾದ ಬ್ಯಾಟ್ಸ್‌ಮನ್.

2000-01ರ ರಣಜಿ ಫೈನಲ್‌ನಲ್ಲಿ ರೈಲ್ವೇಸ್ ಬರೋಡಾ ವಿರುದ್ಧ 21 ರನ್ನಿಂದ ಸೋತಿತು. ನಾಲ್ಕು ಇನಿಂಗ್ಸ್‌ಗಳ ಆಟದಲ್ಲಿ 21 ರನ್ ಏನೂ ಅಲ್ಲ. ಆ ತಂಡ ಚದುರಲಿಲ್ಲ. ಮರುವರ್ಷ ಅದೇ ಬರೋಡಾ ಫೈನಲ್‌ಗೆ ಬಂತು, ರೈಲ್ವೇಸ್ 151 ರನ್ನಿಂದ ಗೆದ್ದು ಮೊದಲ ಬಾರಿಗೆ ರಣಜಿ ಟ್ರೋಫಿ ಎತ್ತಿತು. 2004-05ರಲ್ಲಿ ಮತ್ತೊಮ್ಮೆ. ಯರೇ ಗೌಡ ಮುಂದೆ ಕರ್ನಾಟಕಕ್ಕೆ ಮರಳಿ ನಾಯಕರೂ ಆದರು.

ಕರ್ನಾಟಕ ತಂಡದ ಕಥೆಯೂ ಹೀಗೆಯೇ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಮುಂಬೈ ವಿರುದ್ಧ ರಣಜಿ ಫೈನಲ್. ಗೆಲ್ಲಲು 338 ಬೇಕು. ಮನೀಶ್ ಪಾಂಡೆ 144 ಹೊಡೆದು ತಂಡವನ್ನು ಬಾಗಿಲವರೆಗೂ ತಂದರು. ಇನಿಂಗ್ಸ್ ಮುಗಿದದ್ದು 331ಕ್ಕೆ. ಆರು ರನ್ನಿನ ಸೋಲು. ಆದರೆ ಆ ಹುಡುಗರ ಗುಂಪೇ ಬೆಳೆದು, ವಿನಯ್ ಕುಮಾರ್ ನಾಯಕತ್ವದಲ್ಲಿ 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ರಣಜಿ ಗೆದ್ದಿತು. ಮೈಸೂರಿನ ಸೋಲಿನ ಮರುದಿನ ತಂಡವನ್ನು ಕಿತ್ತು ಹಾಕಿದ್ದರೆ ಆ ಎರಡು ಕಪ್ ಬರುತ್ತಿದ್ದವೇ?

ಮತ್ತೆ 2017ರ ಡಿಸೆಂಬರ್, ಕೋಲ್ಕತ್ತದ ಈಡನ್ ಗಾರ್ಡನ್ಸ್, ವಿದರ್ಭ ಎದುರು ಸೆಮಿಫೈನಲ್. ಮೊದಲ ಇನಿಂಗ್ಸ್‌ನಲ್ಲಿ 116 ರನ್ ಮುನ್ನಡೆ ಪಡೆದ ಕರ್ನಾಟಕಕ್ಕೆ ಕೊನೆಗೆ ಬೇಕಿದ್ದದ್ದು 198. ರಜನೀಶ್ ಗುರ್ಬಾನಿ ಏಳು ವಿಕೆಟ್ ಕಿತ್ತರು. ಬಾಲಂಗೋಚಿಗಳು ಹೋರಾಡಿ ದಡದ ಹತ್ತಿರ ತಂದರೂ ಐದು ರನ್ನಿನ ಸೋಲು ತಪ್ಪಲಿಲ್ಲ. ವಿದರ್ಭ ಅಲ್ಲಿಂದ ಹೋಗಿ ತನ್ನ ಚೊಚ್ಚಲ ರಣಜಿ ಗೆದ್ದಿತು.

ಲೀಗಿನ ಮೊದಲಿಗರಿಗೆ ಬಹುಮಾನವಿಲ್ಲ

ಅವಕಾಶಗಳ ಸಂಖ್ಯೆಯ ಮಾತಿಗೆ ಕಾಲ್ಚೆಂಡು ತಂಡ ಬೆಂಗಳೂರು ಎಫ್‌ಸಿ ಇನ್ನೊಂದು ಉದಾಹರಣೆ. 2017-18ರಲ್ಲಿ ಮೊದಲ ಸಲ ಇಂಡಿಯನ್ ಸೂಪರ್ ಲೀಗ್ ಆಡಿದ ಈ ತಂಡ 40 ಅಂಕ ಗಳಿಸಿ, ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕಿಂತ ಎಂಟು ಅಂಕ ಮುಂದೆ ನಿಂತಿತು. ಫೈನಲ್ ಕಂಠೀರವ ಕ್ರೀಡಾಂಗಣದಲ್ಲೇ. ಒಂಬತ್ತನೇ ನಿಮಿಷದಲ್ಲಿ ಸುನಿಲ್ ಛೆಟ್ರಿ ಗೋಲು ಹೊಡೆದರು. ಅದೇ ರಾತ್ರಿ ಚೆನ್ನೈಯಿನ್ 3-2ರಿಂದ ಗೆದ್ದು ಕಪ್ ಒಯ್ದಿತು.

ತಿಂಗಳುಗಟ್ಟಲೆ ಎಲ್ಲರಿಗಿಂತ ಚೆನ್ನಾಗಿ ಆಡಿದ್ದಕ್ಕೆ ಆಗ ಪ್ರಶಸ್ತಿಯೇ ಇರಲಿಲ್ಲ. ಲೀಗಿನ ಅಗ್ರಸ್ಥಾನಕ್ಕೆ ಪ್ರತ್ಯೇಕ ಶೀಲ್ಡ್ ಕೊಡಲು ಶುರು ಮಾಡಿದ್ದು 2019-20ರಿಂದ. ಇದೂ ಒಂದು ನ್ಯಾಯದ ತಿದ್ದುಪಡಿ. ಒಂದು ರಾತ್ರಿಯ ಆಟಕ್ಕೂ ಇಡೀ ಋತುವಿನ ದುಡಿಮೆಗೂ ಬೇರೆ ಬೇರೆ ಮನ್ನಣೆ ಇರಬೇಕೆಂದು ಒಪ್ಪಿಕೊಂಡಂತೆ. ಚೆನ್ನೈಯಿನ್ ಎದುರಿನ ಆ ಸೋಲಿನ ಮರುವರ್ಷ, 2019ರ ಮಾರ್ಚ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ಹೊಡೆದ ಒಂದೇ ಗೋಲಿನಿಂದ ಗೋವಾವನ್ನು ಸೋಲಿಸಿ ಬೆಂಗಳೂರು ಕಪ್ ಗೆದ್ದಿತು.

ನಸೀಬಿನ ಖಾತೆಗೆ ಹಾಕಬಾರದ್ದು

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಎಲ್ಲವನ್ನೂ ನಸೀಬಿನ ಮೇಲೆ ಹಾಕುವುದು ತಪ್ಪಿಸಿಕೊಳ್ಳುವವರ ದಾರಿ.

ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಮಳೆ ಬಾರದೆ ಜಲಾಶಯ ತುಂಬದಿದ್ದರೆ ಅದು ನಸೀಬು. ಮೇಲ್ಭಾಗದವರು ಪಾಲು ಮೀರಿ ಎಳೆದುಕೊಂಡು ನೀರು ಕೆಳಗೆ ಬಾರದಿದ್ದರೆ ಅದು ನಸೀಬಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಬಿದ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿ ಹೋದಾಗ ಯಾವ ರೈತನೂ ಅದನ್ನು ಹಣೆಬರಹ ಎನ್ನಲಿಲ್ಲ. ನಿರ್ವಹಣೆ ಏನಾಯಿತು ಎಂದು ಕೇಳಿದ. ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿದ್ದು ಮಾತ್ರ ನಸೀಬು.

ತಂಡಗಳನ್ನೂ ಅದೇ ಕಣ್ಣಿನಿಂದ ನೋಡಬೇಕು. 2011ರ ಫೈನಲ್‌ನಲ್ಲಿ ಚೆನ್ನೈ ಎದುರು 58 ರನ್ನಿನ ಸೋಲಿಗೆ ನಸೀಬಿನ ನೆಪ ಒಪ್ಪುವುದಿಲ್ಲ. ಅಲ್ಲಿ ಎದುರಾಳಿ ಮೇಲಾಗಿ ಆಡಿತು. 2017ರ ಏಪ್ರಿಲ್ 23ರಂದು ಕೋಲ್ಕತ್ತ ವಿರುದ್ಧ 49ಕ್ಕೆ ಆಲೌಟ್ ಆದದ್ದೂ ಹಾಗೆಯೇ. ಆ ಋತುವಿನಲ್ಲಿ ಕೆ.ಎಲ್. ರಾಹುಲ್ ಗಾಯದಿಂದ ಆಡಲೇ ಇಲ್ಲ, ಕೊಹ್ಲಿ ಆರಂಭದ ಪಂದ್ಯಗಳಿಗೆ ಇರಲಿಲ್ಲ ಎಂಬುದು ನಸೀಬು. ಹತ್ತು ಓವರ್ ಕೂಡ ನಿಲ್ಲಲಾಗದ ಬ್ಯಾಟಿಂಗ್ ನಸೀಬಲ್ಲ. 2016ರ ಫೈನಲ್‌ನಲ್ಲಿಯೂ ಎಂಟು ರನ್ನಿನ ಹಿಂದೆ ಒಂದು ಹಳೆಯ ಕಾಯಿಲೆಯಿತ್ತು. ಶೇನ್ ವಾಟ್ಸನ್ ನಾಲ್ಕು ಓವರ್‌ಗಳಲ್ಲಿ 61 ರನ್ ಕೊಟ್ಟರು, ಬೆನ್ ಕಟಿಂಗ್ 15 ಎಸೆತಗಳಲ್ಲಿ 39 ಬಾಚಿದರು. ವರ್ಷಗಟ್ಟಲೆ ಬ್ಯಾಟಿಂಗಿಗೆ ಹಣ ಸುರಿದು ಬೌಲಿಂಗ್ ಬಡವಾಗಿಯೇ ಉಳಿದಿತ್ತು. 2025ರ ಫೈನಲ್‌ನಲ್ಲಿ ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗಳಲ್ಲಿ 17 ರನ್ ಮಾತ್ರ ಕೊಟ್ಟು ಪಂದ್ಯಶ್ರೇಷ್ಠರಾದದ್ದು ಆ ಕೊರತೆ ತುಂಬಿದ್ದಕ್ಕೆ ಸಾಕ್ಷಿ.

ಅಮೆರಿಕದಲ್ಲೂ 2010ರ ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡ ಎಲ್ಲರಿಗಿಂತ ಹೆಚ್ಚು ಗಜ ಮುನ್ನಡೆದು, ಎಲ್ಲರಿಗಿಂತ ಕಡಿಮೆ ಗಜ ಬಿಟ್ಟುಕೊಟ್ಟು, ಆದರೂ ಒಂಬತ್ತೇ ಪಂದ್ಯ ಗೆದ್ದು ಹೊರಬಿತ್ತು. ನಸೀಬೆಂದು ಮೇಲ್ನೋಟಕ್ಕೆ ಕಂಡದ್ದರ ಒಳಗೆ ಚೆಂಡು ಒದೆಯುವ ಮತ್ತು ಒದ್ದ ಚೆಂಡು ತಡೆಯುವ ಪಡೆಯ ಪದೇ ಪದೇ ತಪ್ಪುಗಳಿದ್ದವು. ಸರಾಸರಿ ಅಂಕಿ ಅದನ್ನು ಮುಚ್ಚಿಟ್ಟಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು 2025ರ ಜೂನ್ 4. ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಹದಿನೇಳು ವರ್ಷ ಕಾದ ಪ್ರೀತಿ ಒಮ್ಮೆಲೇ ಬೀದಿಗೆ ಇಳಿದೀತು ಎಂದು ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಆ ಸಾವುಗಳನ್ನು ನಸೀಬು ಎನ್ನುವುದು ಸತ್ತವರಿಗೆ ಮಾಡುವ ಎರಡನೇ ಅನ್ಯಾಯ. ವ್ಯವಸ್ಥೆಯಿಂದ ತಡೆಯಬಹುದಾದದ್ದಕ್ಕೆ ವ್ಯವಸ್ಥೆಯೇ ಹೊಣೆ.

ಹೆಚ್ಚು ಪಂದ್ಯ, ಹೆಚ್ಚು ನ್ಯಾಯ

ಈ ಲೆಕ್ಕವೆಲ್ಲ ಕೋಟಿ ಕೋಟಿಯ ತಂಡಗಳಿಗಷ್ಟೇ ಸಂಬಂಧಿಸಿದ್ದಲ್ಲ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯಗಳಲ್ಲಿ ರಾಯಚೂರು ವಲಯವೂ ಒಂದು. ದೇವದುರ್ಗದ ಹಳ್ಳಿಯಿಂದ, ಮಾನ್ವಿಯ ಓಣಿಯಿಂದ ಹುಡುಗನೊಬ್ಬ ಬೆಳಗಿನ ಬಸ್ ಹತ್ತಿ ಆಯ್ಕೆ ಟ್ರಯಲ್ಸ್‌ಗೆ ಬರುತ್ತಾನೆ ಎಂದುಕೊಳ್ಳಿ. ಮ್ಯಾಟಿನ ಮೇಲೋ ಸಿಮೆಂಟಿನ ಮೇಲೋ ಆಡಿ ರೂಢಿ, ಟರ್ಫ್ ವಿಕೆಟ್ ಹೊಸದು. ಸಿಗುವುದು ಬೆರಳೆಣಿಕೆಯ ಎಸೆತ. ಒಂದು ಚೆಂಡು ಪುಟಿಯದೆ ಕೆಳಗೆ ನುಸುಳಿದರೆ ವರ್ಷ ಮುಗಿಯಿತು.

ಬೆಂಗಳೂರಿನಲ್ಲಿ ಡಿವಿಷನ್ ಲೀಗ್ ಆಡುವ ಅದೇ ವಯಸ್ಸಿನ ಹುಡುಗನಿಗೆ ಒಂದು ಇನಿಂಗ್ಸ್ ಕೆಟ್ಟರೆ ಮುಂದಿನ ವಾರ ಇನ್ನೊಂದಿದೆ. ಹದಿನಾಲ್ಕು ಪಂದ್ಯಗಳೇ ಒಂದು ತಂಡದ ಸತ್ವ ಹೇಳಲು ಸಾಲವು ಎಂದಾದರೆ, ಹತ್ತು ಎಸೆತ ಒಬ್ಬ ಹುಡುಗನ ಬಗ್ಗೆ ಏನು ಹೇಳೀತು? ಪ್ರತಿಭೆ ನಮ್ಮಲ್ಲಿ ಕಡಿಮೆಯಲ್ಲ. ಕಡಿಮೆಯಿರುವುದು ಅದು ತೋರಿಬರಲು ಬೇಕಾದ ಆಟಗಳ ಸಂಖ್ಯೆ.

ಆದ್ದರಿಂದ ಕೇಳಬೇಕಾದದ್ದು ಕನಿಕರವನ್ನಲ್ಲ, ಪಂದ್ಯಗಳನ್ನು. ತಾಲೂಕು ಮಟ್ಟದಲ್ಲಿ ವರ್ಷಪೂರ್ತಿ ನಡೆಯುವ ಲೀಗ್, ಒಳ್ಳೆಯ ಪಿಚ್, ಒಂದು ದಿನದ ಟ್ರಯಲ್ ಬದಲು ಇಡೀ ಋತುವಿನ ಆಟ ನೋಡಿ ಮಾಡುವ ಆಯ್ಕೆ. ನೋಬಾಲಿಗೆ ಕ್ಯಾಮೆರಾ ಬಂದಂತೆ, ಲೀಗಿನ ಮೊದಲಿಗರಿಗೆ ಶೀಲ್ಡ್ ಬಂದಂತೆ, ಇದೂ ಮನಸ್ಸು ಮಾಡಿದರೆ ಆಗುವ ಕೆಲಸವೇ.

ನೋಡುವ ನಮಗೂ ಒಂದು ಹೊಣೆಯಿದೆ. ಕೊನೆಯ ಎಸೆತಕ್ಕೆ ಸೋತ ಆಟಗಾರನ ಮನೆಯವರನ್ನೂ ಬಿಡದೆ ಮೊಬೈಲಿನಲ್ಲಿ ಬೈಯುವ ಮೊದಲು ಇಡೀ ಋತುವಿನ ಲೆಕ್ಕ ನೋಡೋಣ. ಸೋಲಿನಲ್ಲಿ ನಸೀಬಿನ ಪಾಲಿದ್ದರೆ ಬೆನ್ನು ತಟ್ಟೋಣ, ತಪ್ಪಿನ ಪಾಲಿದ್ದರೆ ಆ ತಪ್ಪನ್ನೇ ಹೆಸರಿಸಿ ಹೇಳೋಣ. ಸೋತ ತಂಡಕ್ಕೂ, ಟ್ರಯಲ್ಸ್‌ನಲ್ಲಿ ಒಂದೇ ಚೆಂಡಿಗೆ ಔಟಾದ ಹುಡುಗನಿಗೂ ಸಲ್ಲಬೇಕಾದ ನ್ಯಾಯ ಒಂದೇ: ಮತ್ತೊಮ್ಮೆ ಆಡುವ ಅವಕಾಶ.